ಮಹಜರು ಓದುವ ವಿದ್ಯೆ

ಗಾಂಜಾ ಕೇಸಿನ ಕಡತ ಕೈಗೆ ಬಂದಾಗ ನುರಿತ ವಕೀಲರ ಕಣ್ಣು ಮೊದಲು ಹೋಗುವುದು ಗಂಟೆ-ನಿಮಿಷಗಳ ಕಡೆಗೆ. ಠಾಣೆಗೆ ಮಾಹಿತಿ ಬಂದದ್ದು ಎಷ್ಟು ಹೊತ್ತಿಗೆ, ಜೀಪು ಹೊರಟದ್ದು ಯಾವಾಗ, ಪಂಚರು ಸಿಕ್ಕಿದ್ದು ಎಲ್ಲಿ, ಮಹಜರು ಶುರುವಾಗಿ ಮುಗಿದದ್ದು ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಎಫ್‌ಐಆರ್ ದಾಖಲಾದದ್ದು ಯಾವಾಗ, ಅದು ನ್ಯಾಯಾಧೀಶರ ಕೈ ಸೇರಿದ್ದು ಯಾವಾಗ. ಇವನ್ನೆಲ್ಲ ಹಾಳೆಯ ಎಡಗಡೆ ಒಂದರ ಕೆಳಗೊಂದು ಬರೆದುಕೊಂಡು ಬಲಗಡೆ ಜಾಗ ಖಾಲಿ ಬಿಡುತ್ತಾರೆ. ಆ ಜಾಗ ಮುಂದೆ ಪಾಟೀಸವಾಲಿಗೆ ಬೇಕು. ಆರೋಪಿ ಎಂಥವನು, ಅವನ ಹಿಂದೆ ಯಾರಿದ್ದಾರೆ ಎಂಬ ವಿಚಾರಗಳೆಲ್ಲ ಎರಡನೆಯ ಓದಿಗೆ.

ಹೊರಗಿನಿಂದ ನೋಡುವವರಿಗೆ ವಕೀಲಿಕೆ ಎಂದರೆ ವಾದ, ಗಟ್ಟಿ ದನಿ. ಮಾದಕ ವಸ್ತುಗಳ ಕೇಸುಗಳಲ್ಲಿ ಅದು ಬಹುಮಟ್ಟಿಗೆ ಓದುವ ಕೆಲಸ. ನ್ಯಾಯಾಲಯದಲ್ಲಿ ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ಮನೆಯಲ್ಲಿ ದೀಪದಡಿ ಕೂತು ಮಾಡಿದ ಓದು ಇರುತ್ತದೆ. ಆ ಓದನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಅದರ ಮೇಲಿನ ಗೌರವ ಹೆಚ್ಚಿದೆ. ಅದನ್ನು ಪರಿಚಯಿಸಲು ಕ್ಯಾಸಂಬಳ್ಳಿಯ ಕಡೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕ್ಯಾಸಂಬಳ್ಳಿಯ ಹೆಸರು ಹೇಳಿದರೆ ಹಳಬರಿಗೆ ನೆನಪಾಗುವುದು ಕೆ.ಸಿ. ರೆಡ್ಡಿ. 1902ರಲ್ಲಿ ಈ ಊರಲ್ಲಿ ಹುಟ್ಟಿ, ಕಾನೂನು ಓದಿ, 1947ರಲ್ಲಿ ಮೈಸೂರು ಸಂಸ್ಥಾನದ ಮೊದಲ ಮುಖ್ಯಮಂತ್ರಿಯಾದ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು. ಮೊದಲು ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಹೋಬಳಿ ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ. ಪೂರ್ವಕ್ಕೆ ಹೋದರೆ ಆಂಧ್ರದ ಚಿತ್ತೂರು ಜಿಲ್ಲೆ, ದಕ್ಷಿಣಕ್ಕೆ ತಮಿಳುನಾಡು. ಪಕ್ಕದ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅಲ್ಲಿಂದೀಚೆಗೆ ಇಲ್ಲಿನ ಎಳೆಯರ ದುಡಿಮೆ ಎಂದರೆ ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲು. ಅದೇ ಹಳಿ, ಅದೇ ಹೆದ್ದಾರಿಗಳಲ್ಲಿ ಆಂಧ್ರ-ಒಡಿಶಾ ಗಡಿಯ ಬೆಟ್ಟಗಳ ಗಾಂಜಾವೂ ಬೆಂಗಳೂರಿಗೆ ಸಾಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿ ಕಾಲೋನಿಯಲ್ಲಿ ತಮಿಳು ಆಡುವ ಹುಡುಗ ಹೀಗೆ ಒಂದು ಚೀಲದ ಜೊತೆ ಸಿಕ್ಕಿಬಿದ್ದ ಎಂದುಕೊಳ್ಳೋಣ. ಅವನ ಕೇಸು ಎಲ್ಲಿ ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಅವನು ಸಿಕ್ಕ ಜಾಗ. ಗಡಿಯ ಈಚೆಯಾದರೆ ಕನ್ನಡದ ಮಹಜರು, ಕೋಲಾರ ಜಿಲ್ಲೆಯ ನ್ಯಾಯಾಲಯ. ನಾಲ್ಕಾರು ಕಿಲೋಮೀಟರ್ ಆಚೆಯಾದರೆ ತೆಲುಗು ಕಾಗದ, ಬೇರೆ ರಾಜ್ಯದ ಜೈಲು, ಊರಿಗೆ ಗೊತ್ತಿಲ್ಲದ ವಕೀಲರು. ರೈಲಿನೊಳಗಾದರೆ ರೈಲ್ವೆ ಪೊಲೀಸರು. ಅದಕ್ಕೇ ಇಲ್ಲಿನ ವಕೀಲರು ಅಪ್ಪ-ಅಮ್ಮಂದಿರನ್ನು ಕೇಳುವ ಮೊದಲ ಪ್ರಶ್ನೆ, "ಎಲ್ಲಿ ಹಿಡಿದ್ರಂತೆ, ಯಜಮಾನ್ರೇ?" ಎಂದೇ.

ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ ಮಾದಕ ವಸ್ತುಗಳ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು. ಬೇರೆ ಅಪರಾಧಗಳಲ್ಲಿ ಆರೋಪವನ್ನು ಪೂರ್ತಿ ರುಜುವಾತು ಮಾಡುವ ಹೊರೆ ಸರ್ಕಾರದ್ದು. ಇಲ್ಲಿ 35 ಮತ್ತು 54ನೇ ಕಲಮುಗಳು ಆ ಹೊರೆಯ ಒಂದು ಪಾಲನ್ನು ಆರೋಪಿಯ ಹೆಗಲಿಗೆ ದಾಟಿಸುತ್ತವೆ. ವಸ್ತು ನಿನ್ನ ವಶದಲ್ಲಿತ್ತು ಎಂದಾದರೆ, ಅದು ಏನೆಂದು ನಿನಗೆ ಗೊತ್ತಿತ್ತು ಎಂದೇ ನ್ಯಾಯಾಲಯ ಊಹಿಸಿಕೊಳ್ಳಬಹುದು. ಗೊತ್ತಿರಲಿಲ್ಲ ಎಂದು ತೋರಿಸಬೇಕಾದವನು ನೀನು. ವಾಣಿಜ್ಯ ಪ್ರಮಾಣವಾದರೆ ಶಿಕ್ಷೆ ಹತ್ತು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ, ಇಪ್ಪತ್ತರವರೆಗೂ ಹೋಗಬಹುದು. ದಂಡವೇ ಒಂದು ಲಕ್ಷದಿಂದ ಶುರು. ಇಷ್ಟು ಭಾರದ ಕಾನೂನು ಮಾಡಿದವರೇ ಅದರೊಳಗೆ ಅಧಿಕಾರಿಗಳ ಕೈಗೂ ಕಟ್ಟು ಹಾಕಿದ್ದಾರೆ: ಹೀಗೆ ಬರೆದುಕೊಳ್ಳಬೇಕು, ಹೀಗೆ ಕೇಳಬೇಕು, ಇಷ್ಟು ಗಂಟೆಯೊಳಗೆ ವರದಿ ಕಳಿಸಬೇಕು. ಶಿಕ್ಷೆ ಕಠಿಣವಾದಷ್ಟೂ ಕ್ರಮ ಬಿಗಿಯಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2008ರ ನೂರ್ ಆಗಾ ತೀರ್ಪಿನಲ್ಲಿ, ಆರೋಪಿಯ ಮೇಲೆ ಊಹೆ ಹೊರಿಸುವ ಮುನ್ನ ವಶದ ಮೂಲ ಸಂಗತಿಗಳನ್ನು ಸರ್ಕಾರವೇ ಸಾಬೀತು ಮಾಡಬೇಕು ಎಂದು ಸ್ಪಷ್ಟಪಡಿಸಿತು. ರಕ್ಷಣೆಯ ಇಡೀ ವಿದ್ಯೆ ನಿಂತಿರುವುದು ಈ ನೆಲದ ಮೇಲೆ.

ಗಂಟೆಯ ನಂತರ ತೂಕ. ಗಾಂಜಾ ಒಂದು ಕೆಜಿಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, ಗರಿಷ್ಠ ಒಂದು ವರ್ಷ ಶಿಕ್ಷೆ. ಇಪ್ಪತ್ತು ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಹೆರಾಯಿನ್‌ಗೆ ಈ ಗೆರೆಗಳು 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಇಪ್ಪತ್ತೊಂದೂವರೆ ಕೆಜಿ ಎಂದು ಮಹಜರಿನಲ್ಲಿ ಬರೆದಿದ್ದರೆ ವಕೀಲರು ಅಲ್ಲೇ ನಿಲ್ಲುತ್ತಾರೆ. ಚೀಲದ ಸಮೇತ ತೂಗಿದ್ದೋ, ಚೀಲ ಕಳೆದೋ? ತಕ್ಕಡಿ ಯಾರದು, ಅದನ್ನು ತಂದ ಅಂಗಡಿಯವನು ಸಾಕ್ಷಿಪಟ್ಟಿಯಲ್ಲಿದ್ದಾನೆಯೇ, ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇತ್ತೇ? ಅದಕ್ಕಿಂತ ದೊಡ್ಡ ಪ್ರಶ್ನೆ, ಚೀಲದಲ್ಲಿದ್ದದ್ದು ಏನು? ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರೆಯಾಗಿರುವ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕಾಂಡ, ಬೇರು, ಎಲೆ, ಹಸಿ ತೇವ ಎಲ್ಲವನ್ನೂ ಸೇರಿಸಿ ತೂಕ ಹಾಕುವುದು ರಾಗಿಯನ್ನು ತೂರದೆ ಹೊಟ್ಟಿನ ಸಮೇತ ತೂಗಿದ ಹಾಗೆ. ಇದೇ ವ್ಯಾಖ್ಯೆಯ ಬಲದಿಂದ 2022ರಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ ಎಂದು ಹೇಳಲಾದ ವಸ್ತು ಚರಸ್ ಅಥವಾ ಗಾಂಜಾದಿಂದ ತಯಾರಾದದ್ದು ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಗಮನಿಸಿ ಜಾಮೀನು ಕೊಟ್ಟಿತು. ಆದರೆ ಈ ವಾದವನ್ನು ಎಲ್ಲ ವಸ್ತುವಿಗೂ ಎಳೆಯಲಾಗದು. ಪುಡಿಯಲ್ಲಿ ಬೆರೆತ ಸಕ್ಕರೆ, ಸೋಡಾದ ತೂಕ ಕಳೆದು ಅಪ್ಪಟ ಮಾದಕ ವಸ್ತುವಿನ ತೂಕವನ್ನಷ್ಟೇ ಹಿಡಿಯಬೇಕೆಂಬ 2008ರ ನಿಲುವನ್ನು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2020ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಈಗ ಮಿಶ್ರಣದ ಪೂರ್ತಿ ತೂಕವೇ ಲೆಕ್ಕ. ಹಳೆಯ ತೀರ್ಪನ್ನು ನಂಬಿ ಕೂತ ವಕೀಲರು ಇಲ್ಲಿ ಕಕ್ಷಿದಾರನನ್ನು ಮುಳುಗಿಸುತ್ತಾರೆ. ಓದು ಪ್ರತಿ ತಿಂಗಳೂ ಹೊಸದಾಗಬೇಕಾದ ಕಸುಬು ಇದು.

ಶೋಧನೆಯ ಭಾಗ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಮನೆ, ವಾಹನ, ಮುಚ್ಚಿದ ಜಾಗದ ಶೋಧನೆಗೆ 42ನೇ ಕಲಮು. ಮಾಹಿತಿ ಬಂದ ಕೂಡಲೇ ಅದನ್ನು ಬರಹದಲ್ಲಿ ಇಳಿಸಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಹೊಕ್ಕರೆ, ವಾರಂಟಿಗೆ ಕಾಯಲು ಯಾಕೆ ಆಗಲಿಲ್ಲ ಎಂಬ ಕಾರಣವನ್ನೂ ಬರೆಯಬೇಕು. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆ ಸುಮಾರಿಗೇ ಸೂರ್ಯ ಇಳಿಯುತ್ತಾನೆ. ಸಂಜೆ ಆರೂವರೆಯ ದಾಳಿಯನ್ನು ಹಗಲಿನದೆಂದು ತಿಳಿದು ಕಾರಣ ಬರೆಯದೆ ಬಿಟ್ಟಿದ್ದರೆ ಅದು ಪಂಚಾಂಗದಲ್ಲೇ ಸಿಕ್ಕಿಬೀಳುತ್ತದೆ. ಬಸ್ಸು, ರೈಲು ನಿಲ್ದಾಣ, ಸಂತೆ ಇಂಥ ಸಾರ್ವಜನಿಕ ಜಾಗಕ್ಕೆ 43ನೇ ಕಲಮು, ಅಲ್ಲಿ ಈ ಬಿಗಿ ಇಲ್ಲ. ಹಾಗಾದರೆ ರಸ್ತೆಯಲ್ಲಿ ನಿಂತ ಸ್ವಂತ ಜೀಪು? ಜಾಗ ಸಾರ್ವಜನಿಕವಾದರೂ ಜೀಪು ಸಾರ್ವಜನಿಕ ವಾಹನವಲ್ಲ, 42ನ್ನೇ ಪಾಲಿಸಬೇಕಿತ್ತು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆರೋಪಿಗಳನ್ನು ಬಿಟ್ಟಿತು. ಒಂದೇ ರಸ್ತೆಯ ಮೇಲೆ ಬಸ್ಸಿಗೊಂದು ನ್ಯಾಯ, ಜೀಪಿಗೊಂದು ನ್ಯಾಯ. ಇದನ್ನು ಗುರುತಿಸುವುದೇ ಪಳಗಿದ ಕಣ್ಣು.

ಮೈ ತಪಾಸಣೆಗೆ 50ನೇ ಕಲಮು. "ಹತ್ತಿರದ ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ" ಎಂದು ಹಿಡಿದವನಿಗೆ ತಿಳಿಸಲೇಬೇಕು. 1999ರ ಬಲದೇವ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ ಇದನ್ನು ಎತ್ತಿಹಿಡಿಯಿತು, 2010ರಲ್ಲಿ ಇನ್ನೊಂದು ಸಂವಿಧಾನ ಪೀಠ ಚಾಚೂ ತಪ್ಪದೆ ಪಾಲಿಸಬೇಕೆಂದಿತು. "ಅವರ ಮುಂದೆಯೋ, ಇಲ್ಲ ನಮ್ಮ ಮುಂದೆಯೇ ಆದೀತೋ" ಎಂದು ಮೂರನೆಯ ದಾರಿ ತೋರಿಸುವಂತಿಲ್ಲ, ಇಬ್ಬರನ್ನು ಒಟ್ಟಿಗೆ ನಿಲ್ಲಿಸಿ ಒಂದೇ ನೋಟಿಸಿಗೆ ಸಹಿ ಹಾಕಿಸುವುದೂ ಸರಿಯಲ್ಲ ಎಂದು 2014ರ ತೀರ್ಪು ಹೇಳುತ್ತದೆ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಆದರೆ ಇದು ಮೈಗೆ ಮಾತ್ರ; ಹೆಗಲ ಮೇಲಿನ ಚೀಲಕ್ಕೆ 50ನೇ ಕಲಮು ಅನ್ವಯಿಸುವುದಿಲ್ಲ ಎಂಬುದು 2005ರಿಂದ ನಡೆದುಬಂದ ನಿಲುವು, 2023ರಲ್ಲಿ ಮತ್ತೆ ಗಟ್ಟಿಯಾಯಿತು. ಗಾಂಜಾ ಸಿಕ್ಕಿದ್ದು ಪ್ಯಾಂಟಿನ ಜೇಬಿನಲ್ಲೋ, ಬ್ಯಾಗಿನಲ್ಲೋ ಎಂದು ವಕೀಲರು ಆರೋಪಿಯನ್ನು ನಾಲ್ಕು ಸಲ ಕೇಳುವುದು ಇದಕ್ಕೆ.

ಮೂರು ಭಾಷೆಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ನೋಟಿಸು ಕನ್ನಡದಲ್ಲಿ, ಆರೋಪಿಯ ಸಹಿ ತೆಲುಗಿನಲ್ಲೋ ತಮಿಳಿನಲ್ಲೋ. ಹಕ್ಕನ್ನು ತಿಳಿಸಿದೆವು ಎಂದರೆ ಯಾವ ಭಾಷೆಯಲ್ಲಿ, ಯಾರ ಬಾಯಿಂದ? ಓದಿ ಹೇಳಿದವರ ಹೆಸರು ಕಾಗದದಲ್ಲಿದೆಯೇ? ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಈ ಪ್ರಶ್ನೆಯ ಬೆಲೆ ಹೆಚ್ಚಿದೆ. ಕೋಲಾರ ಜಿಲ್ಲೆಯ ವಕೀಲರು ಬಹಳ ಮಂದಿ ಮೂರೂ ಭಾಷೆ ಬಲ್ಲವರು. ಜೈಲಿನಲ್ಲಿ ಹುಡುಗನ ಎದುರು ಕೂತು ಅವನ ಮಾತಿನಲ್ಲೇ "ಅವತ್ತು ನಿನಗೆ ಏನಂದ್ರು, ಅದೇ ಮಾತಲ್ಲಿ ಹೇಳಪ್ಪ" ಎಂದು ಕೇಳಿ ಬರೆದುಕೊಳ್ಳುವುದು ಯಾವ ಪುಸ್ತಕದಿಂದಲೂ ಬರುವ ಕೌಶಲವಲ್ಲ.

ಮುಂದಿನದು ಮಾಲಿನ ಪಯಣ. ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರದಿಂದ ಹೊಲಿದು, ಅರಗಿನ ಮುದ್ರೆ ಒತ್ತಿ, ಪಂಚರ ಸಹಿ ಚೀಟಿ ಅಂಟಿಸಿದ ಪೊಟ್ಟಣ ಠಾಣೆಗೆ ಬರುತ್ತದೆ, ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್ ಪಡೆಯುತ್ತದೆ, ಒಂದು ದಿನ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ತಲುಪುತ್ತದೆ. ಹಿಡಿದ ಜಾಗದಿಂದ ಪ್ರಯೋಗಾಲಯದ ಮೇಜಿನವರೆಗೆ ಅದು ಯಾರ ಯಾರ ಕೈ ದಾಟಿತು, ಮುದ್ರೆಯ ಅಕ್ಷರ ಎರಡೂ ತುದಿಯಲ್ಲಿ ಒಂದೇ ಇದೆಯೇ, ಒಯ್ದ ಪೇದೆಯ ಹೇಳಿಕೆ ಇದೆಯೇ ಎಂದು ಕೊಂಡಿ ಕೊಂಡಿಯಾಗಿ ನೋಡಬೇಕು. ಮಾದರಿಯನ್ನು ರಸ್ತೆ ಬದಿಯಲ್ಲೇ ತೆಗೆಯುವ ಹಳೆಯ ರೂಢಿ ತಪ್ಪು, 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಎದುರು ತೆಗೆಯಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮಗಳನ್ನೇ ಮಾಡಿತು: ಗಾಂಜಾ ಆದರೆ 24 ಗ್ರಾಮಿನಂತೆ ಜೋಡಿ ಮಾದರಿ. ಹತ್ತು ಪೊಟ್ಟಣ ಸಿಕ್ಕಿ, ಎಲ್ಲವನ್ನೂ ಪರೀಕ್ಷಿಸದೆ ಒಂದರಿಂದ ಮಾತ್ರ ಮಾದರಿ ತೆಗೆದಿದ್ದರೆ ಉಳಿದ ಒಂಬತ್ತರಲ್ಲಿ ಏನಿತ್ತು ಎಂದು ಯಾರು ಹೇಳಬೇಕು? ಒಳ್ಳೆಯ ವಕೀಲರು ಇಲ್ಲಿ ಅತಿಯಾಸೆ ಪಡುವುದಿಲ್ಲ. 52ಎ ಪಾಲಿಸದ ಒಂದೇ ಕಾರಣಕ್ಕೆ ಕೇಸು ಬೀಳುವುದಿಲ್ಲ ಎಂದು 2025ರ ಜನವರಿಯ ತೀರ್ಪು ಎಚ್ಚರಿಸಿದೆ. ಆ ಲೋಪದಿಂದ ಸಾಕ್ಷ್ಯದ ಮೇಲಿನ ನಂಬಿಕೆಯೇ ಅಲುಗಾಡಿತು ಎಂದು ತೋರಿಸಿಕೊಡಬೇಕು.

ಇದೆಲ್ಲ ಕೂಡಿಬರುವುದು ಪಾಟೀಸವಾಲಿನಲ್ಲಿ. ಇಲ್ಲಿ ಸಾಕ್ಷಿ ನುಡಿಯುವುದನ್ನು ಬೆರಳಚ್ಚುಗಾರರು ಕನ್ನಡದಲ್ಲಿ ಬರೆದುಕೊಳ್ಳುವ ಬಗೆಯೇ ವಿಶಿಷ್ಟ: "ನಾನು ಸ್ಥಳಕ್ಕೆ ಹೋಗಿಯೇ ಇಲ್ಲ ಎಂದರೆ ಸರಿಯಲ್ಲ", "ಅಂದು ಸಂತೆಯ ದಿನವಾಗಿತ್ತು ಎಂದರೆ ಸರಿ". ವಕೀಲರು ಕಟ್ಟುವುದು ಆ "ಸರಿ"ಗಳನ್ನು. ಅವು ಬಿಡಿಬಿಡಿಯಾಗಿ ನಿರಪಾಯವಾಗಿ ಕಾಣಬೇಕು. ಇನ್‌ಸ್ಪೆಕ್ಟರ್ ಸಾಕ್ಷಿಕಟ್ಟೆಯಲ್ಲಿದ್ದಾರೆ ಎಂದುಕೊಳ್ಳಿ. ಮಹಜರು ಎಲ್ಲಿ ಬರೆದಿರಿ ಸಾರ್? ಸ್ಥಳದಲ್ಲೇ. ಕೈಬರಹವೇ? ಇಲ್ಲ, ಲ್ಯಾಪ್‌ಟಾಪ್. ಜೊತೆಗೆ ಒಯ್ದ ವಸ್ತುಗಳ ಪಟ್ಟಿ ಮಹಜರಿನಲ್ಲೇ ಇದೆ, ಸರಿಯೇ? ಸರಿ. ತಕ್ಕಡಿ, ಬಟ್ಟೆ, ಸೂಜಿ, ದಾರ, ಅರಗು ಇವೆ, ಸರಿಯೇ? ಸರಿ. ಪ್ರಿಂಟರ್ ಪಟ್ಟಿಯಲ್ಲಿಲ್ಲ, ಸರಿಯೇ? ಇಲ್ಲಿ ಒಂದು ಮೌನ. ಎಫ್‌ಐಆರ್ ದಾಖಲಾದದ್ದು ರಾತ್ರಿ ಒಂಬತ್ತಕ್ಕೆ, ಮಹಜರು ಮುಗಿದದ್ದು ಏಳಕ್ಕೆ, ಸರಿಯೇ? ಸರಿ. ಹಾಗಿದ್ದರೆ ಮಹಜರಿನ ನೆತ್ತಿಯ ಮೇಲೆ ಅಪರಾಧ ಸಂಖ್ಯೆ ಅದೇ ಅಚ್ಚಿನಲ್ಲಿ ಬಂದದ್ದು ಹೇಗೆ? ಈ ಕೊನೆಯ ಪ್ರಶ್ನೆಯನ್ನು ತುಂಬಾ ಅನುಭವಿಗಳು ಕೇಳುವುದೇ ಇಲ್ಲ. ಕೇಳಿದರೆ ಸಾಕ್ಷಿಗೆ ವಿವರಣೆ ಕೊಡುವ ಅವಕಾಶ ಸಿಗುತ್ತದೆ. ಎರಡು ಸಮಯವನ್ನೂ ದಾಖಲೆಗೆ ತಂದು ಕೂತುಬಿಡುತ್ತಾರೆ. ಉಳಿದದ್ದು ಅಂತಿಮ ವಾದಕ್ಕೆ. ನನಗೆ ಈ ಸಂಯಮದಷ್ಟು ಇಷ್ಟವಾದ ಗುಣ ಈ ಕಸುಬಿನಲ್ಲಿ ಬೇರೆ ಇಲ್ಲ.

ಪಂಚರು ಉಲ್ಟಾ ಹೊಡೆದರೆ ಗೆದ್ದಂತೆ ಎಂದು ಕುಟುಂಬದವರು ಹಿಗ್ಗುವುದುಂಟು. ಪಂಚರು ತಿರುಗಿಬಿದ್ದರೂ ಅಧಿಕಾರಿಯ ಸಾಕ್ಷ್ಯ ನಂಬುವಂತಿದ್ದರೆ ಶಿಕ್ಷೆ ಆಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧನೆಯ ದೃಶ್ಯ-ಧ್ವನಿ ಮುದ್ರಣವನ್ನು ಕಡ್ಡಾಯ ಮಾಡಿದೆ. ವಿಡಿಯೋ ಎಲ್ಲಿ, ಎಷ್ಟು ನಿಮಿಷದ್ದು, ನಡುವೆ ಕತ್ತರಿಸಿದೆಯೇ ಎಂಬುದು ಈಗ ಪಂಚರ ಬಾಯಿಗಿಂತ ಮುಖ್ಯ. ರೈಲು ನಿಲ್ದಾಣದ ಕ್ಯಾಮೆರಾ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ; ಅದನ್ನು ಕಾಪಾಡಿಡಲು ಮೊದಲ ವಾರದಲ್ಲೇ ಅರ್ಜಿ ಹಾಕಬೇಕು.

ಚೀಲವೇ ಇಲ್ಲದ ಆರೋಪಿಗಳ ಪಾಡು ಬೇರೆ. ಸಿಕ್ಕಿಬಿದ್ದವನು ಠಾಣೆಯಲ್ಲಿ ಕೊಟ್ಟನೆನ್ನುವ ಹೇಳಿಕೆಯಲ್ಲಿ ಹೆಸರು ಬಂದದ್ದಕ್ಕೇ ಎಷ್ಟೋ ಹುಡುಗರು ಮೂರನೆಯ, ನಾಲ್ಕನೆಯ ಆರೋಪಿಯಾಗುತ್ತಾರೆ. 2020ರ ಅಕ್ಟೋಬರ್‌ನ ತೂಫಾನ್ ಸಿಂಗ್ ತೀರ್ಪು ಅವರ ಪಾಲಿನ ಆಸರೆ. ಈ ಕಾಯ್ದೆಯಡಿ ತನಿಖೆ ಮಾಡುವ ಅಧಿಕಾರಿಗಳೂ ಪೊಲೀಸ್ ಅಧಿಕಾರಿಗಳೇ, ಅವರೆದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು ಬಹುಮತದ ತೀರ್ಪು ಬಂತು. ಆಮೇಲೆ ಉಳಿಯುವುದು ಫೋನ್ ಕರೆ, ಹಣ ಕಳಿಸಿದ ದಾಖಲೆ. ಅವುಗಳಿಗೆ ಬೇರೆ ಅರ್ಥ ಇರಬಹುದೇ ಎಂದು ಒಂದೊಂದನ್ನೇ ಬಿಡಿಸಬೇಕು.

ಹೊಲದಲ್ಲಿ ಗಿಡ ಸಿಕ್ಕಿದ ಕೇಸುಗಳಲ್ಲಿ ವಕೀಲರು ಪಹಣಿ ತರಿಸುತ್ತಾರೆ. ಟೊಮೆಟೊ, ಹಿಪ್ಪುನೇರಳೆಯ ಸಾಲಿನ ನಡುವೆ ಬೆಳೆದ ಗಿಡ ಯಾರದು? ಪಹಣಿಯಲ್ಲಿ ತೀರಿಹೋದ ತಾತನ ಹೆಸರಿರುತ್ತದೆ, ಉಳುವವರು ಮೂವರು ಅಣ್ಣತಮ್ಮಂದಿರು, ಬೋರ್‌ವೆಲ್ ನಾಲ್ಕನೆಯವರದು. ಮಹಜರಿನ ಚಕ್ಕುಬಂದಿ ಸರ್ವೆ ನಕ್ಷೆಗೆ ಹೊಂದದೆ ಇರುವುದೂ ಉಂಟು. ಬೆಳೆದ ಆರೋಪಕ್ಕೆ ಹತ್ತು ವರ್ಷದವರೆಗೆ ಶಿಕ್ಷೆಯಿದ್ದರೂ ಇಲ್ಲಿ ಕನಿಷ್ಠ ಶಿಕ್ಷೆಯ ಕಟ್ಟಿಲ್ಲ.

ಜಾಮೀನಿನ ಮಾತು ಕುಟುಂಬಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ವಾಣಿಜ್ಯ ಪ್ರಮಾಣವಾದರೆ 37ನೇ ಕಲಮು ಅಡ್ಡ ನಿಲ್ಲುತ್ತದೆ: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ, ಈ ಎರಡೂ ನ್ಯಾಯಾಲಯಕ್ಕೆ ಮನವರಿಕೆ ಆಗಬೇಕು. ಆರೋಪಪಟ್ಟಿ 180 ದಿನದಲ್ಲಿ ಬರದಿದ್ದರೆ, ನ್ಯಾಯಾಲಯ ಅವಧಿ ವಿಸ್ತರಿಸದೆ ಇದ್ದರೆ, ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆ ಲೆಕ್ಕದಲ್ಲಿ ಮೊದಲು ರಿಮ್ಯಾಂಡ್ ಮಾಡಿದ ದಿನವೂ ಸೇರುತ್ತದೆ ಎಂದು 2023ರ ಮಾರ್ಚ್‌ನಲ್ಲಿ ತೀರ್ಮಾನವಾಗಿದೆ. ಕಾಲ ತುಂಬಿದ ಮೇಲೆ ಆರೋಪಪಟ್ಟಿ ಬರುವ ಮುನ್ನ ಅರ್ಜಿ ಸಲ್ಲಿಸದಿದ್ದರೆ ಹಕ್ಕು ಕೈತಪ್ಪುತ್ತದೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ, ಅವತ್ತು ಬೆಳಗ್ಗೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಅರ್ಜಿ ಹಿಡಿದು ನಿಲ್ಲುತ್ತಾರೆ. ವಿಚಾರಣೆ ವರ್ಷಗಟ್ಟಲೆ ಎಳೆದಾಗ 37ನೇ ಕಲಮಿದ್ದರೂ ಜಾಮೀನು ಕೊಡಬಹುದೆಂದು ಅದೇ ತಿಂಗಳು ಇನ್ನೊಂದು ತೀರ್ಪು ಹೇಳಿತು.

ಗಾಂಜಾ ಮಾರುವವನನ್ನು ಕಾಪಾಡಲು ಇಷ್ಟೆಲ್ಲ ವಿದ್ಯೆಯೇ ಎಂದು ಊರಿನವರು ಕೇಳುತ್ತಾರೆ. ಮಗ ಅಮಲಿಗೆ ಬಿದ್ದ ತಾಯಿ ಕೇಳಿದಾಗ ಆ ಪ್ರಶ್ನೆಗೆ ತೂಕವಿದೆ. ನನ್ನ ಉತ್ತರ ಇದು: ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಬರೆದು, ಹಕ್ಕನ್ನು ಅರ್ಥವಾಗುವಂತೆ ಹೇಳಿ, ಮಾಲನ್ನು ಮುದ್ರೆ ಕೆಡದಂತೆ ಕಳಿಸಿದ ಅಧಿಕಾರಿಯ ಕೇಸನ್ನು ಎಂಥ ಪಾಟೀಸವಾಲೂ ಕೆಡವಲಾರದು. ಬಿಗಿಯಾಗಿ ಓದುವ ವಕೀಲರಿರುವ ಕಡೆ ಪೊಲೀಸರೂ ಬಿಗಿಯಾಗಿ ಬರೆಯುತ್ತಾರೆ. ಸಡಿಲ ಕಾಗದದ ಮೇಲೆ ಹತ್ತು ವರ್ಷ ಒಳಗೆ ಹೋಗುವವನು ಸಾಮಾನ್ಯವಾಗಿ ಕೂಲಿಗೆ ಚೀಲ ಹೊತ್ತವನು. ಕಳಿಸಿದವನ ಹೆಸರು ಆರೋಪಪಟ್ಟಿಗೆ ಬಂದಿರುವುದೇ ಅಪರೂಪ.

ಅಮಲಿಗೆ ಬಿದ್ದವರಿಗೆ ಕಾಯ್ದೆಯೊಳಗೇ ಬೇರೆ ಬಾಗಿಲಿದೆ, ಅದನ್ನು ಬಳಸುವವರು ಕಡಿಮೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ 64ಎ ಕಲಮು ಅವನಿಗೆ ವಿಚಾರಣೆಯಿಂದಲೇ ರಕ್ಷಣೆ ಕೊಡುತ್ತದೆ, ಚಿಕಿತ್ಸೆ ಪೂರ್ತಿ ಮಾಡಬೇಕೆಂಬ ಷರತ್ತಿನ ಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. 14446 ರಾಷ್ಟ್ರೀಯ ಸಹಾಯವಾಣಿ. ಇದರ ಬದಲು ಬಹಳ ಮಂದಿ, ದಂಡ ಕಟ್ಟಿ ಮುಗಿಸಿಬಿಡೋಣ ಎಂದು ಮೊದಲ ವಾಯಿದೆಯಲ್ಲೇ ತಪ್ಪೊಪ್ಪಿಕೊಳ್ಳುತ್ತಾರೆ. ಅದು ಶಿಕ್ಷೆಯಾಗಿ ದಾಖಲಾಗುತ್ತದೆ. ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ಎದ್ದು ಕೂರುತ್ತದೆ, ಅಷ್ಟೇ ಶಿಕ್ಷೆಯ ಮತ್ತೊಂದು ಅಪರಾಧ ಸಾಬೀತಾದರೆ 31ನೇ ಕಲಮಿನಡಿ ಶಿಕ್ಷೆಯ ಗರಿಷ್ಠ ಮಿತಿ ಒಂದೂವರೆ ಪಟ್ಟಾಗುತ್ತದೆ. ಸಹಿ ಹಾಕುವ ಮುನ್ನ ಒಬ್ಬ ವಕೀಲರನ್ನಾದರೂ ಕೇಳಬೇಕು.

ಫೀಸಿಗೆ ದುಡ್ಡಿಲ್ಲ ಎಂಬುದು ಅದಕ್ಕೆ ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗಾದರೂ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಬಹುದು, ಜೈಲಿನ ಅಧಿಕಾರಿಗಳ ಮೂಲಕವೂ ಕೇಳಬಹುದು. ಹೋಗುವಾಗ ಎಫ್‌ಐಆರ್ ಪ್ರತಿ, ಬಂಧನದ ನೋಟಿಸು, ಹುಡುಗನ ವಯಸ್ಸಿನ ದಾಖಲೆ, ಅವತ್ತಿನ ರೈಲು ಅಥವಾ ಬಸ್ ಟಿಕೆಟ್ ಇದ್ದರೆ ಅದು, ಅವನ ಫೋನ್ ನಂಬರ್ ಜೊತೆಗಿರಲಿ. ಅವನು ಮನೆ ಬಿಟ್ಟದ್ದು ಎಷ್ಟು ಗಂಟೆಗೆ, ಕೊನೆಯ ಸಲ ಫೋನ್ ಮಾಡಿದ್ದು ಎಷ್ಟಕ್ಕೆ ಎಂಬುದನ್ನು ಮರೆಯುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.